ಬಂಗಲೆಯ ಬಟ್ಲರ್ ಓಬಯ್ಯ

“ಅವ್ವಾ, ಓಬಯ್ಯಜ್ಜ ಆ ಬಾಟ್ಲೀನ ಯಾಕೆ ಕೂಸಿನಂಗೆ ಎತ್ಕಂಡು ಹೋಗ್ತಾನೆ?” ಎಂದು ಮಗಳು ಕೇಳಿದಳು. ಪಕ್ಕದ ಮುಸಾಫರಿ ಬಂಗಲೆಯ ಬಟ್ಲರ್ ಓಬಯ್ಯ ಅಲ್ಲಿ ಇಳಿಯುವ ಇಂಗ್ಲಿಷ್ ದೊರೆಗಳ ಕೆಂಪು ವೈನನ್ನು ಎತ್ತಿಕೊಳ್ಳುವುದೇ ಹಾಗೆ. ಅಲುಗಿದರೆ ತಳದ ಗಸಿ ಏಳುತ್ತದಂತೆ. ಮೊಳಕಾಲ್ಮೂರಿನ ಬಿಸಿಲಿಗೆ ಕೆಡಬಾರದೆಂದು ಬಾಟಲಿಗಳನ್ನು ಒದ್ದೆ ಮರಳಿನಲ್ಲಿ ಮಲಗಿಸಿ ಗೋಣಿ ಹೊದಿಸುತ್ತಾನೆ. ಮೊಮ್ಮಕ್ಕಳಿಗೂ ಇಷ್ಟು ಆರೈಕೆ ಮಾಡಿದ್ದನ್ನು ನಾನು ಕಂಡಿಲ್ಲ. “ಇದು ಅಜ್ಜನ ಕಾಲದ ಬಳ್ಳೀಲಿ ಬಿಟ್ಟ ದ್ರಾಕ್ಷೀದು ತಾಯಿ. ಬಳ್ಳಿ ಮುದುಕಾದಷ್ಟೂ ಹಣ್ಣು ಕಮ್ಮಿ, ರುಚಿ ಜಾಸ್ತಿ. ನನ್ನಂಗೇ!” ಎನ್ನುತ್ತಾನೆ. ತಾನು ಒಂದು ತೊಟ್ಟೂ ಕುಡಿದವನಲ್ಲ. ಅಡುಗೆಮನೆಯಲ್ಲಿ ಬಿರಡೆ ತೆಗೆದು, ಕಣ್ಣು ಮುಚ್ಚಿ ಮೂಸಿ, “ಚೆನ್ನಾಗೈತೆ” ಎಂದ ಮೇಲೆಯೇ ಅದು ದೊರೆಯ ಮೇಜಿಗೆ ಹೋಗುವುದು. ಹುಳಿತದ್ದನ್ನು ಬಡಿಸಿದ ಹಿಂದಿನ ಬಟ್ಲರನನ್ನು ಅವತ್ತೇ ಓಡಿಸಿದರಂತೆ. ನಮ್ಮ ಬೀದಿಯವರು ತುಪ್ಪ ಕೊಳ್ಳುವಾಗಲೂ ಓಬಯ್ಯನ ಮೂಗನ್ನೇ ಕೇಳುತ್ತಾರೆ. ನಿನ್ನೆ ಅವನು ನಮ್ಮ ಜಗಲಿಯಲ್ಲಿ ಕೂತಿದ್ದಾಗ ಒಳಗೆ ಹಾಲು ಸೀದು ಮನೆಯೆಲ್ಲ ಕಮರು ನಾತ. ಅವನು ಮಾತ್ರ ಏನೂ ಆಗದವನಂತೆ ದೊರೆಗಳ ಕಥೆ ಹೇಳುತ್ತಲೇ ಇದ್ದ. ನಾನು ಎದ್ದು ಓಡಿದಾಗಲೇ ಅವನ ಮಾತು ನಿಂತಿತು. ಇಂದು ಹಿತ್ತಲ ಬಾಗಿಲಿಗೆ ಬಂದು ಮೆಲ್ಲಗೆ ಹೇಳಿದ: “ಹೋದ ತಿಂಗ್ಳು ಜ್ವರ ಬಂದು ಹೋದಾಗ್ಲಿಂದ ಮೂಗಿಗೆ ಏನೂ ತಿಳೀತಿಲ್ಲ ತಾಯಿ. ನಾಳೆ ದೊರೆ ಬರ್ತಾರೆ. ಬಡಿಸೋಕ್ ಮುಂಚೆ ಬಿರಡೇನ ಟವಲ್ಲಾಗೆ ಸುತ್ಕಂಡು ತರ್ತೀನಿ. ಮಜ್ಜಿಗೆ ಹುಳಿ ಬಂದಿದ್ದು ನಿನಗೆ ತಿಳೀತೈತಲ್ಲ, ಹಂಗೇ ಒಂದ್ಸಲ ಮೂಸಿ ಹೇಳ್ತೀಯಾ?”