ಟ್ಯೂಬ್ ಬಿಟ್ಟ ಚಕ್ರ, ಪೌಡರ್ ಬಿಡದ ಅತ್ತಿಗೆ

ಆ ಬೀದಿಯಲ್ಲಿ ಸೈಕಲ್ ಗಾಳಿ ಹೋದರೆ ಜನ ರಿಪೇರಿ ಅಂಗಡಿ ಎಲ್ಲಿ ಎಂದು ಕೇಳುತ್ತಿರಲಿಲ್ಲ, ‘ಅತ್ತಿಗೆ ಇದ್ದಾರಾ?’ ಎಂದು ಕೇಳುತ್ತಿದ್ದರು. ನಾದಿನಿಯೊಬ್ಬಳು ಕರೆದದ್ದೇ ಬೀದಿಗೆಲ್ಲ ಹೆಸರಾಗಿ, ತನಗಿಂತ ಹಿರಿಯರಿಗೂ ಅವಳು ಅತ್ತಿಗೆಯಾಗಿಬಿಟ್ಟಿದ್ದಳು. ಅಂಗಡಿ ಮಾವನದು. ಅವರ ಕಣ್ಣು ಮಂಜಾದ ಮೇಲೆ ಸೊಸೆ ಸ್ಪ್ಯಾನರ್ ಹಿಡಿದಳು, ಹಿಡಿದವಳು ಬಿಡಲಿಲ್ಲ. ಟ್ಯೂಬನ್ನು ನೀರಿಗೆ ಅದ್ದಿ, ಗುಳ್ಳೆ ಎದ್ದ ಕಡೆ ಅವಳು ಬೆರಳಿಟ್ಟಳೆಂದರೆ ತುಂಟನ ಕಿವಿ ಹಿಡಿದಂತೆಯೇ. ಆಮೇಲೆ ಉಜ್ಜಿ, ಅಂಟು ಹಚ್ಚಿ, ಪ್ಯಾಚ್ ಕೂರಿಸಿ, ಟ್ಯೂಬು ಟೈರಿಗೆ ಕಚ್ಚಿಕೊಳ್ಳದಿರಲೆಂದು ಒಂದಿಷ್ಟು ಪೌಡರ್ ಉದುರಿಸುವುದು. ಎಣ್ಣೆಯ ವಾಸನೆಗಿಂತ ಪೌಡರಿನ ಘಮವೇ ಆ ಅಂಗಡಿಯಲ್ಲಿ ಮುಂದು.

ನಾದಿನಿ ರೇಸಿನವಳು. ಕಳೆದ ರೇಸಿನಲ್ಲಿ ಎಲ್ಲರಿಗಿಂತ ಮುಂದಿದ್ದವಳು ಪಂಕ್ಚರ್ ಆಗಿ, ರಸ್ತೆ ಬದಿಯಲ್ಲಿ ಕೂತು ಟ್ಯೂಬ್ ಬದಲಿಸುವಷ್ಟರಲ್ಲಿ ಹಿಂದಿದ್ದವರೆಲ್ಲ ದಾಟಿಹೋಗಿದ್ದರು. ತಂಡಕ್ಕೆ ಸೇರಲು ಇನ್ನು ಉಳಿದದ್ದು ಒಂದೇ ಆಯ್ಕೆ ರೇಸು, ಅದೂ ನಾಳೆ. ಮಧ್ಯಾಹ್ನ ರೋಡ್ ಬೈಕಿನ ಚಕ್ರಗಳನ್ನು ಹೆಗಲಿಗೆ ಹಾಕಿಕೊಂಡು ಬಂದಳು. ಚೀಲದಲ್ಲಿ ಹೊಸ ಟೈರು, ಟೇಪಿನ ಸುರುಳಿ, ಹಾಲಿನಂಥ ದ್ರವದ ಬಾಟಲಿ.

“ಅತ್ತಿಗೆ, ಟ್ಯೂಬ್‌ಲೆಸ್ ಮಾಡಿಕೊಡಿ. ಟ್ಯೂಬೇ ಬೇಡ, ತೂತಾದ್ರೆ ಈ ಬಾಟಲೀಲಿರೋದೇ ಒಳಗಿಂದ ಮುಚ್ಚುತ್ತೆ.”

“ಅಂದ್ರೆ ನನ್ನ ಹೊಟ್ಟೆ ಮೇಲೆ ಹೊಡೆಯೋ ಕೆಲಸಾನ ನನ್ನ ಕೈಲೇ ಮಾಡಿಸ್ತೀಯಾ?”

“ಮನೆಯವರಿಗೇ ಹೊಡೀಬೇಕು ಅತ್ತಿಗೆ, ಬೇರೆಯವರು ಸುಮ್ಮನೆ ಬಿಡ್ತಾರಾ?”

ಅತ್ತಿಗೆ ನಕ್ಕಳು. ಆಮೇಲೆ ಚಕ್ರವನ್ನು ತಿರುಗಿಸಿ ನೋಡಿ, “ನಿಜ ಹೇಳ್ತೀನಿ, ನಾನು ಇದನ್ನ ಮಾಡಿಲ್ಲ ಕಣೇ. ದೊಡ್ಡ ಅಂಗಡಿಗೆ ಹೋಗು,” ಎಂದಳು.

“ನಾಳೆ ಇಳಿಜಾರಲ್ಲಿ ಜೀವ ಒತ್ತೆ ಇಟ್ಟು ಸೈಕಲ್ ಬಿಡಬೇಕು. ನೀವು ಕೂರಿಸಿದ ಚಕ್ರ ಆದ್ರೆ ಬಿಡ್ತೀನಿ.”

ಇಷ್ಟು ಕೇಳಿದ ಮೇಲೆ ಅತ್ತಿಗೆ ಸೆರಗು ಸಿಕ್ಕಿಸಿದಳು. ರಿಮ್ಮಿನ ಒಳಗೆ, ಕಡ್ಡಿಗಳ ತೂತು ಮುಚ್ಚುವಂತೆ ಟೇಪು ಸುತ್ತಿದಳು. ವಾಲ್ವು ಬಿಗಿದಳು, ಟೈರಿನ ಅಂಚಿಗೆ ಸೋಪಿನ ನೀರು ಸವರಿದಳು, ಕಂಪ್ರೆಸರಿನಿಂದ ಗಾಳಿ ಬಿಟ್ಟಳು. ಟೈರು ಟಪ್ ಟಪ್ ಎಂದು ರಿಮ್ಮಿಗೆ ಕೂತಿತು. ನಾದಿನಿ ಚಪ್ಪಾಳೆ ಹೊಡೆದಳು.

ಒಳಗಿನ ಬೆಂಚಿನಿಂದ ಮಾವ, “ಏನಮ್ಮಾ, ಎಲ್ಲೋ ಉಸ್ ಅಂತಿದೆಯಲ್ಲ?” ಎಂದರು.

ನಾದಿನಿಯ ಮುಖ ಇಳಿಯಿತು. ಅತ್ತಿಗೆ ಚಕ್ರವನ್ನು ತೊಟ್ಟಿಯಲ್ಲಿ ಮುಳುಗಿಸಿ ತಿರುಗಿಸಿದಳು. ಟೈರಿನ ಅಂಚಲ್ಲಿ ಒಂದೂ ಗುಳ್ಳೆಯಿಲ್ಲ. ಬರುತ್ತಿದ್ದದ್ದೆಲ್ಲ ಕಡ್ಡಿಗಳ ಬುಡದಿಂದ. ಅಂದರೆ ಟೇಪೇ ಹಿಡಿದಿಲ್ಲ. ಬಿಚ್ಚಿ ಟೇಪಿನ ಅಡಿಗೆ ಬೆರಳು ಹಾಕಿದಳು. ಬೆರಳು ನುಣ್ಣಗೆ ಜಾರಿತು. ಮೂಗಿನ ಹತ್ತಿರ ಹಿಡಿದಳು: ಪೌಡರ್! ಟೇಪು ಸುತ್ತುವ ಮೊದಲು ಕೈ ತನ್ನ ಪಾಡಿಗೆ ತಾನು ಡಬ್ಬಿ ಎತ್ತಿ ರಿಮ್ಮಿಗೆ ಉದುರಿಸಿತ್ತು.

“ಅಯ್ಯೋ ನನ್ನ ಬುದ್ಧಿಗಿಷ್ಟು! ಟ್ಯೂಬೇ ಇಲ್ಲ, ಯಾರಿಗೆ ಮಾಡಿದೆ ಸಿಂಗಾರ?”

“ರೇಸಿಗೆ ಹೋಗೋ ಚಕ್ರ ಅಲ್ವಾ ಅತ್ತಿಗೆ, ಚೆಂದ ಕಾಣ್ಲಿ ಅಂತ,” ಎಂದಳು ನಾದಿನಿ. ಅಳುವೂ ನಗುವೂ ಒಟ್ಟಿಗೇ ಬಂದಿತ್ತು.

ಅತ್ತಿಗೆ ನೆಪ ಹೇಳಲಿಲ್ಲ, ಅವಸರಪಡಲೂ ಇಲ್ಲ. ಪೌಡರ್ ಡಬ್ಬಿಯನ್ನು ಮಾವನ ಕೈಗಿತ್ತು, “ಇವತ್ತು ನಾನು ಕೇಳಿದ್ರೂ ಕೊಡಬೇಡಿ,” ಎಂದಳು. ರಿಮ್ಮನ್ನು ಸ್ಪಿರಿಟ್ಟಿನಿಂದ ಕಿರ್ ಎನ್ನುವ ತನಕ ಉಜ್ಜಿದಳು. ಹೊಸ ಟೇಪನ್ನು ಎಳೆದು ಎಳೆದು, ಹೆಬ್ಬೆರಳಿನಿಂದ ಇಂಚಿಂಚೂ ಒತ್ತುತ್ತಾ ಸುತ್ತಿದಳು. ಇನ್ನೊಂದು ಚಕ್ರಕ್ಕೂ ಅದೇ ಆರೈಕೆ. ಈ ಸಲ ತೊಟ್ಟಿಯ ನೀರು ಮಿಸುಕಲಿಲ್ಲ. ವಾಲ್ವಿನ ಮೂಲಕ ಬಿಳಿ ದ್ರವ ಹಾಕಿ ಚಕ್ರ ತಿರುಗಿಸುವಾಗ ಕಿವಿಯನ್ನು ಟೈರಿಗೆ ಹಚ್ಚಿ ಕೂತಿದ್ದಳು, ಮಗುವಿನ ಉಸಿರು ನೋಡುವವಳಂತೆ.

ಮರುದಿನ ಅಂಗಡಿ ಮುಚ್ಚಿ, ಬದಲಿ ಚಕ್ರ ಹಿಡಿದು ಇಳಿಜಾರಿನ ಕೊನೆಯ ತಿರುವಿನಲ್ಲಿ ನಿಂತಳು. ನಾದಿನಿ ಮುಂದಿನ ಗುಂಪಿನಲ್ಲೇ ಇಳಿದು ಬಂದಳು. ಸರಿಯಾಗಿ ಅತ್ತಿಗೆಯ ಎದುರಲ್ಲೇ ಏನೋ ಚುಚ್ಚಿ, ಟೈರು ಉಸ್ ಎಂದು ಬಿಳಿ ಹನಿಗಳನ್ನು ಚಿಮ್ಮಿತು. ಅತ್ತಿಗೆ ಬದಲಿ ಚಕ್ರವೆತ್ತಿಕೊಂಡು ಓಡಿದಳು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಉಸ್ ನಿಂತಿತ್ತು. ನಾದಿನಿ ತಿರುಗಿಯೂ ನೋಡದೆ ಹೋಗಿಬಿಟ್ಟಳು.

“ಚಕ್ರ ಬೇಡ್ವಂತಾ?” ಎಂದರು ಪಕ್ಕದಲ್ಲಿದ್ದವರು.

“ಬೇಡ್ವಂತೆ ಕಣ್ರೀ!” ಎಂದಳು ಅತ್ತಿಗೆ. ಕೆಲಸ ತಪ್ಪಿದ್ದಕ್ಕೆ ಅಷ್ಟು ಹಿಗ್ಗಿದವರನ್ನು ಅವರು ನೋಡಿರಲಿಲ್ಲ.

ತಂಡದ ಹೆಸರುಗಳನ್ನು ಕೂಗಿದ ಮೇಲೆ ನಾದಿನಿ ಓಡಿ ಬಂದು ತಬ್ಬಿಕೊಂಡಳು. “ಸೇರಿದೆ ಅತ್ತಿಗೆ, ತಂಡಕ್ಕೆ ಸೇರಿದೆ!”

“ಗೊತ್ತಾಯ್ತು, ಮೊದಲು ಕಾಲು ತೊಳ್ಕೋ. ಮೈಯೆಲ್ಲ ಬಿಳಿ ಹನಿ, ಹಾಲು ಕರೆಯೋಕೆ ಹೋಗಿ ಹಸು ಹತ್ರ ಒದೆಸಿಕೊಂಡವಳ ಥರ ಇದ್ದೀಯ.”