ಬೀಗದ ಕೋಣೆಯ ಹನ್ನೊಂದು ಗಣಕಯಂತ್ರಗಳು

ದೇವನಹಳ್ಳಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಗಣಿತ ಕಲಿಸಿ ಹೆಸರಾದವರು ಅನೇಕರಿದ್ದಾರೆ. ನೂರಕ್ಕೆ ನೂರು ಫಲಿತಾಂಶ ತಂದು ಸನ್ಮಾನ ಪಡೆದವರೂ ಇದ್ದಾರೆ. ಆದರೆ ಎಲ್ಲರೂ ಕೈಬಿಟ್ಟ ಹಳೆಯ ಗಣಕಯಂತ್ರಗಳಿಗೆ ಲಿನಕ್ಸ್ ಎಂಬ ಹಗುರವಾದ ಉಚಿತ ತಂತ್ರಾಂಶ ಅಳವಡಿಸಿ, ಅವುಗಳ ಮುಂದೆ ಹಳ್ಳಿಯ ಮಕ್ಕಳನ್ನು ಕೂರಿಸಿದ ಗಣಿತ ಶಿಕ್ಷಕಿ ಎಂದರೆ ಈ ಭಾಗದಲ್ಲಿ ಮೊದಲು ನೆನಪಾಗುವ ಹೆಸರು ಶ್ರೀಮತಿ ಶಶಿರೇಖಾ ಅವರದು. ಮೂವತ್ತೊಂದು ವರ್ಷಗಳ ಸೇವೆ ಮುಗಿಸಿ ಕಳೆದ ಮೇ ತಿಂಗಳಲ್ಲಿ ನಿವೃತ್ತರಾದ ಅವರ ಬೋಧನೆಯ ಬಗ್ಗೆ ಈ ಅಭಿನಂದನಾ ಸಂಪುಟದಲ್ಲಿ ಬಲ್ಲವರು ಬರೆದಿದ್ದಾರೆ. ಒಂದೇ ಸ್ಟಾಫ್ ರೂಮಿನಲ್ಲಿ ಹತ್ತೊಂಬತ್ತು ವರ್ಷ ಅವರ ಪಕ್ಕದ ಕುರ್ಚಿಯಲ್ಲಿದ್ದ ಸಹೋದ್ಯೋಗಿಯ ಈ ಬರಹ ಅವರ ಒಂದು ಆಸೆಯನ್ನು ಕುರಿತದ್ದು.

ಶಶಿರೇಖಾ ಅವರು ಸೇವೆಗೆ ಸೇರಿದ್ದು ೧೯೯೪ರಲ್ಲಿ, ನೆಲಮಂಗಲ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ದಿನವೂ ಅವರು ಬಸ್ಸು ಬದಲಿಸುತ್ತಿದ್ದ ಜಾಗದಲ್ಲಿ, ಮಹಡಿಯ ಮೇಲೆ, ಹೊಸದಾಗಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರ ತೆರೆದಿತ್ತು. ಮೆಟ್ಟಿಲ ಬಳಿ ಚಪ್ಪಲಿಗಳ ಸಾಲು, ಗಾಜಿನಾಚೆ ಬಗ್ಗಿದ ತಲೆಗಳು ಕೆಳಗಿನಿಂದಲೇ ಕಾಣುತ್ತಿದ್ದವು. ಸೇರಬೇಕೆಂಬ ಹಂಬಲ ಅವರಿಗೆ ಬಹಳವಿತ್ತು. ಆದರೆ ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು, ಮಗಳು ಕೈಗೂಸು. ಐದೂವರೆಯ ಬಸ್ಸು ತಪ್ಪಿದರೆ ಸಂಸಾರ ನಡೆಯುವಂತಿರಲಿಲ್ಲ. ಹೀಗಾಗಿ ಅಲ್ಲಿದ್ದಷ್ಟು ವರ್ಷವೂ ಆ ಮಹಡಿಯನ್ನು ಅವರು ಕೆಳಗಿನಿಂದಲೇ ನೋಡಿದರು.

೨೦೦೬ರಲ್ಲಿ ಕುಂದಾಣ ಹೋಬಳಿಯ ನಮ್ಮ ಶಾಲೆಗೆ ವರ್ಗವಾಗಿ ಬಂದರು. ಮೂರು ವರ್ಷದ ನಂತರ ಶಾಲೆಗೆ ಹನ್ನೊಂದು ಗಣಕಯಂತ್ರಗಳು ಬಂದವು. ಗುತ್ತಿಗೆಯ ಮೇಲೆ ಬಂದಿದ್ದ ಬೋಧಕರು ಅವಧಿ ಮುಗಿಸಿ ಹೊರಟುಹೋದರು. ಯಂತ್ರಗಳು ಒಂದೊಂದಾಗಿ ನಿಧಾನವಾಗಿ, ಕೊನೆಗೆ ಯಾವುದೂ ಏಳದಾದಾಗ ಕೋಣೆಗೆ ಬೀಗ ಬಿತ್ತು. ಆಗ ಒಂಬತ್ತನೆಯ ತರಗತಿಯಲ್ಲಿ ಚೈತ್ರ ಎಂಬ ಹುಡುಗಿ ಓದುತ್ತಿದ್ದಳು. ಊಟದ ಬಿಡುವಿನಲ್ಲಿ ಕಿಟಕಿಯ ಸರಳು ಹಿಡಿದು ಒಳಗೆ ಇಣುಕುತ್ತಿದ್ದ ಅವಳಿಗೆ ಶಶಿರೇಖಾ ಅವರು, “ಮುಂದಿನ ವರ್ಷ ನಿನ್ನ ಕೈಲೇ ಆನ್ ಮಾಡಿಸ್ತೀನಿ ಕಣೆ” ಎಂದು ಮಾತು ಕೊಟ್ಟರು. ಮುಂದಿನ ವರ್ಷ ಬೀಗ ತೆಗೆಯಲಿಲ್ಲ. ಚೈತ್ರ ಹತ್ತನೆಯ ತರಗತಿ ಮುಗಿಸಿದಳು. ಅವಳ ಮನೆಯವರು ಸೋಂಪುರದ ಕಡೆ ಹೋದರೆಂದು ಸುದ್ದಿ ಬಂತು. ಆಮೇಲೆ ಎಂಟು ಬ್ಯಾಚುಗಳು ಆ ಬಾಗಿಲ ಮುಂದೆ ಹಾದುಹೋದವು. ಆ ಬಾಗಿಲು ಕಂಡಾಗಲೆಲ್ಲ ಶಶಿರೇಖಾ ಅವರಿಗೆ ನೆನಪಾಗುತ್ತಿದ್ದುದು ಸರಳು ಹಿಡಿದ ಆ ಎರಡು ಕೈಗಳು.

೨೦೨೨ರಲ್ಲಿ ಯಂತ್ರಗಳನ್ನು ಗುಜರಿಗೆ ಹಾಕಲು ಆದೇಶ ಬಂತು. ಮುಖ್ಯೋಪಾಧ್ಯಾಯರಾಗಿದ್ದ ಶ್ರೀ ಮುನಿರಾಮಯ್ಯನವರ ಮೇಜಿನ ಮುಂದೆ ಶಶಿರೇಖಾ ಅವರು ಅಂದು ಬಹಳ ಹೊತ್ತು ನಿಂತಿದ್ದರು.

“ಸರ್, ಒಂದು ತಿಂಗಳು ಟೈಮ್ ಕೊಡಿ. ನಾನು ನೋಡ್ತೀನಿ.”

“ನೋಡೋಕೆ ಏನಿದೆ ಮೇಡಂ ಅದ್ರಲ್ಲಿ? ಲಿಸ್ಟಲ್ಲಿರೋ ಸಾಮಾನು. ಒಂದು ಮೌಸ್ ಕಾಣೆಯಾದ್ರೂ ನನ್ನ ತಲೆಗೇ ಬರುತ್ತೆ.”

“ನಿಮ್ಮ ತಲೆಗೆ ಬೇಡ ಸರ್. ನಾನೇ ಬರ್ಕೊಡ್ತೀನಿ, ನನ್ನ ಜವಾಬ್ದಾರಿ ಅಂತ.”

ಬರೆದುಕೊಟ್ಟರು. ಮುನಿರಾಮಯ್ಯನವರು ಕಾಗದವನ್ನು ಎರಡು ಸಲ ಓದಿ ಬೀಗದ ಕೈ ಕೊಟ್ಟರು.

ಕೋಣೆಯಲ್ಲಿ ಹಲ್ಲಿಯ ಮೊಟ್ಟೆ, ಬೆರಳುದ್ದ ಧೂಳು. ಐವತ್ತೇಳನೆಯ ವಯಸ್ಸಿನಲ್ಲಿ ಶಶಿರೇಖಾ ಅವರು ಮೊದಲ ಬಾರಿಗೆ ಯಂತ್ರವೊಂದರ ಪೆಟ್ಟಿಗೆ ಬಿಚ್ಚಿದ್ದು ಅಂದು. ಅವರಿಗೆ ದಾರಿ ತೋರಿದವರು ದೇವನಹಳ್ಳಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಅಶೋಕ್. ಹೊಸ ವಿಂಡೋಸ್ ಹಾಕಿಕೊಡಿ ಎಂದು ಕೇಳಲು ಹೋದ ಅವರಿಗೆ ಅಶೋಕ್, “ಮುದಿ ಎತ್ತಿನ ಮೇಲೆ ಲಾರಿ ಲೋಡು ಹೇರಿದ್ರೆ ಎದ್ದೇಳುತ್ತಾ ಮೇಡಂ? ಹೊರೆ ಇಳಿಸ್ಬೇಕು ಅಷ್ಟೆ. ಸಣ್ಣ ಲಿನಕ್ಸ್ ಇದೆ. ದುಡ್ಡು ಕೊಡೋ ಹಂಗಿಲ್ಲ. ಕೂತ್ಕೊಳಿ, ತೋರಿಸ್ತೀನಿ” ಎಂದರು. ಪೆನ್‌ಡ್ರೈವಿಗೆ ಅದನ್ನು ತುಂಬುವುದು, ಯಂತ್ರ ಏಳುವಾಗಲೇ ಅದರಿಂದ ಶುರುವಾಗುವಂತೆ ಹೇಳುವುದು, ಮೆಮೊರಿ ಪಟ್ಟಿಯ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜುವುದು, ಎಲ್ಲವನ್ನೂ ಅವರು ನೂರು ಪುಟದ ನೋಟುಬುಕ್ಕಿನಲ್ಲಿ ಪ್ರಮೇಯದ ಹಂತಗಳಂತೆ ಬರೆದುಕೊಂಡರು.

ಮೊದಲ ಎರಡು ವಾರ ಒಂದೂ ಏಳಲಿಲ್ಲ. ಶಾಲೆ ಬಿಟ್ಟ ಮೇಲೆ ಮಾಡುತ್ತಿದ್ದ ಈ ಕೆಲಸ ನೋಡಿ ನಾವು ಕೆಲವರು ನಕ್ಕದ್ದೂ ಉಂಟು. ಇಂದು ಒಪ್ಪಿಕೊಳ್ಳಲು ಸಂಕೋಚವಿಲ್ಲ. ಹದಿನೆಂಟನೆಯ ದಿನ, ಸತ್ತ ಎರಡು ಯಂತ್ರಗಳ ಮೆಮೊರಿಯನ್ನು ಮೂರನೆಯದಕ್ಕೆ ಹಾಕಿದಾಗ ಪರದೆ ಬೆಳಗಿತು. ಒಳಗಿನ ಗಡಿಯಾರದ ಸೆಲ್ ಎಂದೋ ಸತ್ತಿದ್ದರಿಂದ ಅದು ತೋರಿಸಿದ ದಿನಾಂಕ ೨೦೦೯ರ ಜನವರಿ ಒಂದು. ಶಶಿರೇಖಾ ಅವರು ಅದನ್ನೇ ನೋಡುತ್ತ ಕುಳಿತರು. “ಬಂದ ವರ್ಷದಲ್ಲೇ ನಿಂತಿದೆ ನೋಡ್ರಿ,” ಎಂದರು ಮೆಲ್ಲಗೆ. “ಹುಡುಗ್ರು ಮಾತ್ರ ನಿಲ್ಲಲಿಲ್ಲ.”

ತಿಂಗಳು ತುಂಬುವಷ್ಟರಲ್ಲಿ ಹನ್ನೊಂದರಲ್ಲಿ ಆರು ಎದ್ದವು. ಎಂಟನೆಯ ತರಗತಿಯ ಹರ್ಷಿತ ಮೊದಲು ಕುಳಿತಳು. ಗುಂಡಿಯ ಮೇಲೆ ಬೆರಳು ತಂದು, “ಮಿಸ್, ಒತ್ತಿದ್ರೆ ಹಾಳಾಗಲ್ವಾ?” ಎಂದು ಕೇಳಿದಳು. “ಹಾಳಾದ್ರೆ ಮತ್ತೆ ಸರಿ ಮಾಡ್ತೀನಿ, ಒತ್ತು” ಎಂದರು ಶಶಿರೇಖಾ. ತನ್ನ ಹೆಸರು ಒತ್ತಿದಳು. ಪರದೆಯ ಮೇಲೆ ಬಂದದ್ದು ಒಂದು ಸಾಲು ಖಾಲಿ ಚೌಕಗಳು. ಕನ್ನಡ ಅಕ್ಷರದ ಫಾಂಟ್ ಹಾಕುವುದು ಮರೆತುಹೋಗಿತ್ತು. ಮಾರನೆಯ ದಿನ ಅವಳ ಹೆಸರು ಕನ್ನಡದಲ್ಲೇ ಮೂಡಿತು. ಮುನಿರಾಮಯ್ಯನವರು ಬಾಗಿಲಲ್ಲಿ ನಿಂತು ನೋಡಿ, ಗುಜರಿ ಪಟ್ಟಿಯಿಂದ ಆರು ಯಂತ್ರಗಳನ್ನು ತಮ್ಮ ಕೈಯಾರೆ ಹೊಡೆದುಹಾಕಿದರು.

ಆದರೂ ಶಶಿರೇಖಾ ಅವರ ಮನಸ್ಸು ತಣಿಯಲಿಲ್ಲ. ಒಂದು ಭಾನುವಾರ ವಿಳಾಸ ವಿಚಾರಿಸಿಕೊಂಡು ಸೋಂಪುರಕ್ಕೆ ಹೋದರು. ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿದ್ದ ಚೈತ್ರ, ಮಗಳನ್ನು ಸೊಂಟಕ್ಕೇರಿಸಿಕೊಂಡೇ ಬಾಗಿಲು ತೆರೆದಳು. ಕಾಫಿ ಕೊಟ್ಟಳು. ಶಶಿರೇಖಾ ಅವರು ಹತ್ತು ವರ್ಷ ಹೊತ್ತ ಮಾತನ್ನು ಹೇಳಿದರು.

“ಹಂಗಂದಿದ್ರಾ ಮೇಡಂ?” ಚೈತ್ರ ಯೋಚಿಸಿದಳು. “ನಂಗೆ ನೆನಪೇ ಇಲ್ಲ.”

“ಕಿಟಕೀಲಿ ನಿಂತ್ಕೊತಿದ್ದೆಯಲ್ಲೇ.”

“ಅಲ್ಲಿ ನೆಳ್ಳಿರ್ತಿತ್ತು, ಅದಕ್ಕೆ ನಿಂತ್ಕೊತಿದ್ನೇನೋ.” ಮಗಳ ತಲೆ ಸವರುತ್ತ ಅವಳೇ ಮುಂದುವರಿಸಿದಳು: “ನಮ್ಮಮ್ಮ ಆಸ್ಪತ್ರೇಲಿದ್ದಾಗ ನೀವು ದಿನಾ ಸ್ಟಾಫ್ ರೂಮಲ್ಲಿ ಕೂರಿಸ್ಕೊಂಡು ನಂಗೆ ಎರಡು ಜಡೆ ಹಾಕ್ತಿದ್ರಿ. ಅದು ನೆನಪಿದೆ ಮೇಡಂ. ಇವಳಿಗೂ ಹಂಗೇ ಬಿಗಿಯಾಗಿ ಹಾಕ್ತೀನಿ.”

ಆ ಜಡೆಯ ಸಂಗತಿ ಶಶಿರೇಖಾ ಅವರಿಗೆ ಸ್ವಲ್ಪವೂ ನೆನಪಿರಲಿಲ್ಲ. ಹಿಂದಿರುಗುವ ಬಸ್ಸಿನಲ್ಲಿ, ಕಿಟಕಿಯಲ್ಲಿ ನಿಂತವಳ ಆಸೆ ಎಂದು ತಾವು ಇಷ್ಟು ಕಾಲ ತಿಳಿದದ್ದು ತಮ್ಮದೇ ಆಸೆಯಾಗಿತ್ತೇ ಎಂದು ಅವರು ಕೇಳಿಕೊಂಡರು. ಹಿಂದೆ ದಿನವೂ ಬಸ್ಸು ಬದಲಿಸುತ್ತಿದ್ದ ಜಾಗ ಹಾದಾಗ ತಲೆಯೆತ್ತಿ ನೋಡಿದರೆ, ಮಹಡಿಯ ಮೇಲಿನ ಆ ಕಂಪ್ಯೂಟರ್ ಕೇಂದ್ರ ಯಾವಾಗಲೋ ಮುಚ್ಚಿ ಅಲ್ಲಿ ಬಟ್ಟೆ ಅಂಗಡಿಯಾಗಿತ್ತು. ಮರುದಿನ ಸ್ಟಾಫ್ ರೂಮಿನಲ್ಲಿ ಇದನ್ನೆಲ್ಲ ನಮಗೆ ಹೇಳಿ, “ಅವಳ ತಲೆ ಬಾಚಿದ್ದು ನಂಗ್ಯಾಕೆ ಮರ್ತೋಯ್ತು ರೀ?” ಎಂದು ಕೇಳಿದರು. ಅಂದು ಸಂಜೆ ಮಕ್ಕಳೆಲ್ಲ ಹೋದ ಮೇಲೆ ಅವರು ಒಂದು ಯಂತ್ರದ ಮುಂದೆ ತಾವೇ ಕುಳಿತರು. ಪಾಠಕ್ಕೂ ಅಲ್ಲ, ರಿಪೇರಿಗೂ ಅಲ್ಲ. ತಮ್ಮ ಹೆಸರನ್ನು ನಿಧಾನವಾಗಿ ಒತ್ತಿ, ಅಳಿಸಿ, ಮತ್ತೆ ಒತ್ತಿದರು.

ಅಲ್ಲಿಂದ ನಿವೃತ್ತಿಯವರೆಗೆ ಮೂರು ಬ್ಯಾಚಿನ ಮಕ್ಕಳು ಆ ಕೋಣೆಯಲ್ಲಿ ಕುಳಿತು ಕಲಿತಿದ್ದಾರೆ. ಸುತ್ತಲ ಮೂರು ಶಾಲೆಗಳ ಮುಚ್ಚಿದ ಕೋಣೆಗಳೂ ತೆರೆದಿವೆ. ಬೀಳ್ಕೊಡುಗೆಯ ವಾರದಲ್ಲೇ ದೊಡ್ಡಬಳ್ಳಾಪುರದ ಕಡೆಯ ಮುಖ್ಯೋಪಾಧ್ಯಾಯಿನಿ ಪ್ರಮೋದಾ ಅವರ ಫೋನು ಬಂದಿತ್ತು. ತಮ್ಮಲ್ಲಿ ಹದಿನಾಲ್ಕು ಹಳೆಯ ಯಂತ್ರಗಳಿವೆ, ಯಾವುದೂ ಏಳುತ್ತಿಲ್ಲ ಎಂದರಂತೆ. “ನಾನು ಬಂದು ನೋಡೋವರ್ಗೂ ಯಾರಿಗೂ ಕೊಡ್ಬೇಡಿ” ಎಂದು ಶಶಿರೇಖಾ ಅವರು ಹೇಳಿದ್ದನ್ನು ನಾವೇ ಕೇಳಿದ್ದೇವೆ.

ಪಕ್ಕದ ಕುರ್ಚಿ ಖಾಲಿಯಾದ ಸ್ಟಾಫ್ ರೂಮಿನಿಂದ ಅವರಿಗೆ ಹೇಳಲು ನಮ್ಮಲ್ಲಿ ದೊಡ್ಡ ಮಾತುಗಳಿಲ್ಲ. ಅವರ ಆಯುಸ್ಸು ನೂರು ತುಂಬಲಿ, ಮೊಣಕಾಲಿನ ನೋವು ಇಳಿಯಲಿ, ಕಣ್ಣಿನ ಬೆಳಕು ಹೀಗೇ ಇರಲಿ. ಆ ಹದಿನಾಲ್ಕರಲ್ಲಿ ಏಳಾದರೂ ಏಳಲಿ.