ಪದಮ್‌ಲಾಲ ಒಬ್ಬನೇ ನೀರು ಕೊಟ್ಟ ಕತ್ತಿ

ಭೋಜಪುರದ ಗುಡ್ಡದಲ್ಲಿ ಪದಮ್‌ಲಾಲನ ಅಪ್ಪ ಬಡಿದ ಖುಕುರಿ ಎಂಬ ಬಾಗುಗತ್ತಿಗಳ ಕಥೆ ಕೇಳಿದರೆ ನೀವು ನಂಬುವುದಿಲ್ಲ, ನಂಬಲೂ ಬೇಡಿ. ಹಾರುವ ಸೊಳ್ಳೆಯ ಒಂದು ಕಡೆ ಮೀಸೆ ಬೋಳಿಸಿದರೆ ಅದು ಕೆನ್ನೆ ಸವರಿಕೊಂಡು ಇನ್ನೊಂದು ಕಡೆ ತೋರಿಸುತ್ತಿತ್ತಂತೆ. ಮಗನೂ ಕಡಿಮೆಯವನಲ್ಲ. ಅರವತ್ತೆರಡು ವರ್ಷ ತುಂಬುವಷ್ಟರಲ್ಲಿ ಅವನು ಬಡಿದ ಕತ್ತಿಗಳನ್ನು ಸಾಲಾಗಿ ಹಾಸಿದರೆ, ಚಪ್ಪಲಿ ಗಟ್ಟಿಯಿದ್ದವರು ಲಾಹೋರಿಗೆ ಹೋಗಿ ಬರಬಹುದಿತ್ತು. ಆ ಸೀಮೆಯಿಂದ ಸೈನ್ಯದ ಪಲ್ಟನ್ನಿಗೆ ಹೊರಟವರೆಲ್ಲ ಅವನ ಕುಲುಮೆಗೆ ಬಂದೇ ಬೆಟ್ಟ ಇಳಿಯುತ್ತಿದ್ದರು.

ಕಬ್ಬಿಣ ಬಡಿಯುವುದು ಕತ್ತೆಗೂ ಬಂದೀತು. ಕಷ್ಟವಿರುವುದು ನೀರು ಕೊಡುವುದರಲ್ಲಿ. ಕಾದ ಕತ್ತಿಯ ಬಾಯಂಚಿಗೆ ಮಾತ್ರ ಕೆಟಲ್ಲಿನಿಂದ ಸಣ್ಣ ಧಾರೆ ಬಿಡಬೇಕು, ಬೆನ್ನು ಮೆತ್ತಗೇ ಉಳಿಯಬೇಕು. ಅದರ ಗಳಿಗೆಯನ್ನು ಕಾದ ಕಬ್ಬಿಣದ ಬಣ್ಣ ನೋಡಿಯೇ ಹಿಡಿಯಬೇಕು. ಒಂದು ಉಸಿರು ಮೊದಲಾದರೆ ಬಾಯಿ ಗಾಜಿನಂತೆ ಸಿಡಿಯುತ್ತದೆ, ಒಂದು ಉಸಿರು ತಡವಾದರೆ ಬೇಯಿಸಿದ ಆಲೂಗಡ್ಡೆಗೂ ಮಡಚಿಕೊಳ್ಳುತ್ತದೆ.

ಪದಮ್‌ಲಾಲನ ಕಣ್ಣಿಗೆ ಮೂರು ವರ್ಷದಿಂದ ಮಂಜು ಕವಿದಿತ್ತು. ಅದು ಗೊತ್ತಿದ್ದದ್ದು ಹೆಂಡತಿ ಸುಕಮಾಯಾಳಿಗೆ ಮಾತ್ರ. ತಿದಿ ಒತ್ತುತ್ತ ಅವಳು "ಹ್ಞೂಂ, ಈಗ" ಎಂದು ಪಿಸುಗುಟ್ಟಿದರೆ ಅವನು ನೀರು ಬಿಡುತ್ತಿದ್ದ.

"ಆಸ್ಪತ್ರೆಗೆ ಹೋಗಿ ಕಣ್ಣು ತೋರಿಸ್ಕೊಂಡು ಬಾರೋ ಮುದುಕಾ."

"ನೋಡೋದೆಲ್ಲಾ ನೋಡಿಯಾಯ್ತು. ಇನ್ನೇನು, ನಿನ್ನ ಮುಖ ನೋಡ್ಬೇಕಾ?"

"ಸರಿಯಾಗಿ ನೋಡಿದ್ರೆ ನಾನೆಲ್ಲಿ ಸಿಗ್ತಿದ್ದೆ ನಿಂಗೆ!"

ಆದರೆ ಅವನು ಹೋಗದಿದ್ದದ್ದು ತಮಾಷೆಗಲ್ಲ. ಕಣ್ಣಿಲ್ಲದ ಕಮ್ಮಾರನ ಕತ್ತಿಯನ್ನು ಯಾವ ಸಿಪಾಯಿ ಸೊಂಟಕ್ಕೆ ಕಟ್ಟಿಕೊಂಡಾನು? ಆಸ್ಪತ್ರೆಯ ಬಾಗಿಲು ತಟ್ಟಿದ ಸುದ್ದಿ ಅವನಿಗಿಂತ ಮೊದಲು ಊರು ಸೇರುತ್ತಿತ್ತು.

ಆ ವರ್ಷ ದಶೈಂ ಎನ್ನುವ ದಸರಾ ಹಬ್ಬಕ್ಕೆ ಊರಿನ ಸುಬೇದಾರ್ ಇಂದ್ರಧೋಜ್ ರಾಯಿ, ದೇವಿಗೆ ಕೋಣ ಕಡಿಯಲೆಂದು ಎರಡು ಕೈಯಲ್ಲಿ ಹಿಡಿಯುವ ದೊಡ್ಡ ಖುಕುರಿ ಮಾಡಿಸಿದರು. ಮನೆಯ ಹಳೆಯದು ಮಸೆದೂ ಮಸೆದೂ ಸವೆದಿತ್ತು. ಕಡಿಯುವವನು ಪಲ್ಟನ್ನಿನಿಂದ ರಜೆಗೆ ಬಂದಿದ್ದ ಮಗ ಮೋತಿರಾಜ್. ಒಂದೇ ಏಟಿಗೆ ತಲೆ ಬೀಳಬೇಕು; ಎರಡನೆಯ ಏಟು ಬಿದ್ದರೆ ಕಡಿದವನಿಗೆ ಆ ವರ್ಷವಿಡೀ ಕೇಡು. ಮೋತಿರಾಜ್ ಹಬ್ಬ ಮುಗಿಸಿ ಹೋಗಬೇಕಾಗಿದ್ದದ್ದು ಗಡಿಯ ಹಿಮದ ಠಾಣೆಗೆ.

ನೀರು ಕೊಡುವ ದಿನ ಸುಕಮಾಯಾ ತಂಗಿಯ ಮಗಳ ಬಾಣಂತನಕ್ಕೆ ಹೋಗಿದ್ದಳು. ನಾಳೆ ಮಾಡೋಣವೆಂದರೆ ಸುಬೇದಾರರು ಕುಲುಮೆಯ ಎದುರೇ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದರು. "ಏನೋ ಪದಮು, ಹೆಂಡ್ತಿ ಇಲ್ದೆ ಕೈಯೇ ಓಡಲ್ವಾ?" ಎಂದು ನಕ್ಕರು. ಅವನು ಕೆನ್ನೆಗೆ ತಾಗಿದ ಕಾವನ್ನೇ ನಂಬಿ ನೀರು ಬಿಟ್ಟ. ಕತ್ತಿ ಚುಂಯ್ ಎಂದಿತು. ಆ ಸದ್ದು ಆಮೇಲೆ ಒಂಬತ್ತು ದಿನ ಅವನ ತಟ್ಟೆಯಲ್ಲೂ ಹಾಸಿಗೆಯಲ್ಲೂ ಚುಂಯ್ ಎನ್ನುತ್ತಲೇ ಇತ್ತು.

ನವಮಿಯ ಬೆಳಿಗ್ಗೆ ಅವನು ಸುಬೇದಾರರ ಅಂಗಳದ ಕಲ್ಲಂಚಿನಾಚೆ ನಿಂತಿದ್ದ. ಅವನು ಮಾಡಿದ ಕತ್ತಿ ಪೂಜೆಯ ಕೋಣೆಯವರೆಗೆ ಹೋಗಬಹುದು. ಮುಟ್ಟಬಾರದವರೆನ್ನುವ ಕಾಮಿ ಎಂಬ ಕಮ್ಮಾರ ಜಾತಿಯ ಅವನು ಆ ಕಲ್ಲು ದಾಟುವಂತಿರಲಿಲ್ಲ. ಕೋಣವನ್ನು ಕಂಬಕ್ಕೆ ಬಿಗಿದರು. ಡೋಲು ನಿಂತಿತು. ಮೋತಿರಾಜ್ ಕತ್ತಿ ಎತ್ತಿದ.

ಪದಮ್‌ಲಾಲ ಕಲ್ಲು ದಾಟಿ ಒಳಗೆ ಓಡಿದ್ದ.

"ಬೇಡ! ಅದ್ರಲ್ಲಿ ಹೊಡೀಬೇಡ ಭಾಯಿ! ನಂಗೆ ಕಣ್ಣು ಕಾಣಲ್ಲ. ಬಣ್ಣ ನೋಡ್ದೇ ನೀರು ಬಿಟ್ಟಿದೀನಿ!"

ಅವನು ಅಂಗಳದೊಳಗೆ ಬಂದದ್ದಕ್ಕೆ ಬೈಯಲು ಕೂಡ ಯಾರಿಗೂ ನೆನಪಾಗಲಿಲ್ಲ. ಕೊನೆಗೆ ಸುಬೇದಾರರು ಒಣಗಿದ ಎಮ್ಮೆಕೊಂಬೊಂದನ್ನು ದಿಮ್ಮಿಯ ಮೇಲಿಟ್ಟು ಹೊಸ ಕತ್ತಿಯಿಂದ ಮೂರು ಏಟು ಹಾಕಿದರು. ಕೊಂಬು ಮೂಲಂಗಿಯಂತೆ ತುಂಡಾಯಿತು. ಬಾಯಿಯ ಮೇಲೆ ಬೆರಳಾಡಿಸಿದರೆ ಒಂದು ಸಾಸಿವೆಯಷ್ಟೂ ಮುಕ್ಕಾಗಿರಲಿಲ್ಲ.

"ಚೆನ್ನಾಗೇ ಇದೆಯಲ್ಲಪ್ಪಾ, ಇದ್ರಲ್ಲೇ ಹೊಡೀತೀನಿ," ಎಂದ ಮೋತಿರಾಜ್.

"ಮಾಡ್ದೋನೇ ನಂಬ್ದೇ ಇರೋ ಕತ್ತಿ ದೇವಿಗೆ ಬೇಡ," ಎಂದರು ಸುಬೇದಾರರು. "ಹಳೇದು ತನ್ನಿ."

ಸವೆದ ಹಳೆಯ ಕತ್ತಿ ಕೋಣದ ಕುತ್ತಿಗೆಯ ಮುಕ್ಕಾಲಿಗೇ ನಿಂತಿತು. ಎರಡನೆಯ ಏಟು ಬಿತ್ತು. ಮೋತಿರಾಜನ ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಪಕ್ಕದಲ್ಲಿ ಯಾರೋ ಪದಮ್‌ಲಾಲನ ಮೂಗಿನ ಮುಂದೆ ಕೈಯಾಡಿಸಿ, "ಎಷ್ಟು ಬೆರಳು ಹೇಳು ಕಾಕಾ?" ಎಂದ. "ನಿನ್ನ ಬುದ್ಧಿಗಿಂತ ಜಾಸ್ತಿ ಇವೆ ಬಿಡು," ಎಂದ ಪದಮ್‌ಲಾಲ. ಯಾರೂ ನಗಲಿಲ್ಲ, ಅವನೂ ನಗಲಿಲ್ಲ.

ಹಬ್ಬ ಕಳೆದ ಮೇಲೆ ಕುಲುಮೆಗೆ ಕುಡುಗೋಲು ಬಂದವು, ಗುದ್ದಲಿ ಬಂದವು. ಖುಕುರಿ ಬೇಕೆಂದು ಒಬ್ಬನೂ ಬರಲಿಲ್ಲ. ಬಂದವನು ಮೋತಿರಾಜ್ ಮಾತ್ರ, ಹೊರಡುವ ದಿನ, ಆ ದೊಡ್ಡ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು.

"ಇದನ್ನ ಜೊತೇಲಿ ತಗೊಂಡು ಹೋಗ್ತಾ ಇದೀನಿ ಕಾಕಾ. ಅಪ್ಪಂಗೆ ಹೇಳಿಲ್ಲ. ಒಂದು ಮಾತು ಹೇಳು, ಇದು ಒಳ್ಳೇದು ತಾನೇ?"

ಸುಕಮಾಯಾ ತಿದಿ ನಿಲ್ಲಿಸಿದಳು. ಪದಮ್‌ಲಾಲ ಕತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಬುಡದಿಂದ ತುದಿಯವರೆಗೆ ಬೆರಳಾಡಿಸಿದ, ಮತ್ತೆ ತುದಿಯಿಂದ ಬುಡಕ್ಕೆ. ಆಯುಷ್ಯದಲ್ಲಿ ಸಾವಿರ ಸುಳ್ಳು ಹೇಳಿದವನಿಗೆ ಈ ಒಂದು ಮಾತು, ಅದೂ ನಿಜವಿರಬಹುದಾದದ್ದು, ಹೇಳಲು ಬರಲಿಲ್ಲ.

"ಗೊತ್ತಿಲ್ಲ ಕಣಪ್ಪಾ," ಎಂದ. "ನೀನು ವಾಪಸ್ ಬಂದು ನಂಗೆ ಹೇಳ್ಬೇಕು."

ಮೋತಿರಾಜ್ ಕತ್ತಿ ತೆಗೆದುಕೊಂಡು ಬೆಟ್ಟ ಇಳಿದ. ಅಂದಿನಿಂದ ಕೆಳಗಿನ ದಾರಿಯಲ್ಲಿ ಯಾವ ಜೀಪು ಏದುಸಿರು ಬಿಡುತ್ತ ಹತ್ತಿದರೂ ಪದಮ್‌ಲಾಲನ ಸುತ್ತಿಗೆ ಅರ್ಧಕ್ಕೆ ನಿಲ್ಲುತ್ತದೆ, ಕಬ್ಬಿಣ ಆರಿಹೋಗುತ್ತದೆ.